ಹಡಗಿಗಿಂತ ಮೊದಲೇ ಮಿಶ್ಕಿನ್ ತಲುಪಿದ್ದು

ಅಲಾಸ್ಕಾ ಕ್ರೂಸ್‌ಗೆ ಹೋಗದ ಕನ್ನಡಿಗರು ಅಮೆರಿಕದ ನಮ್ಮ ಕ್ಯಾರಿ ಊರಿನಲ್ಲಿ ಯಾರಾದರೂ ಉಳಿದಿದ್ದರೆ ಅದು ನಾವಿಬ್ಬರೇ ಇರಬೇಕು. ಪಕ್ಕದ ಮಾರಿಸ್‌ವಿಲ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತರೆ ಹಿಂದಿನವರು ಹಿಮದ ಗೋಡೆ ಕುಸಿದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ, ಮುಂದಿನವರು ಫೋನ್ ತೆಗೆದು ತಿಮಿಂಗಿಲದ ಬಾಲ ತೋರಿಸುತ್ತಾರೆ. ನನ್ನ ಹೆಂಡತಿಗೂ ಆ ಬಾಲ ನೋಡುವ ಆಸೆ. ನನಗೆ ಮಾತ್ರ ಎಲ್ಲರೂ ಹೋದಲ್ಲಿಗೇ ನಾನೂ ಹೋದರೆ ನನ್ನ ಮರ್ಯಾದೆ ಏನಾಗಬೇಕು ಎಂಬ ಚಿಂತೆ. ಆಗಷ್ಟೇ ರಿಟೈರ್ ಆಗಿದ್ದೆ. ಕೆಲಸ ಹೋದ ಮೇಲೆ ಮನುಷ್ಯನಿಗೆ ಮರ್ಯಾದೆಯ ಯೋಚನೆ ಜಾಸ್ತಿ.

"ರಷ್ಯಾಕ್ಕೆ ಹೋಗೋಣ ಕಣೇ," ಅಂದೆ. "ನದಿ ಮೇಲೆ, ಮಾಸ್ಕೋದಿಂದ ಪೀಟರ್ಸ್‌ಬರ್ಗ್ ತನಕ. ಮಧ್ಯೆ ಎಲ್ಲಾ ಹಳೇ ಊರುಗಳು."

"ಅಲ್ಲಿ ತಿಮಿಂಗಿಲ ಇದೆಯೇನ್ರೀ?"

"ಇತಿಹಾಸ ಇದೆ."

"ಅದು ಬಾಲ ಎತ್ತಿ ತೋರ್ಸತ್ತಾ?"

ನನ್ನ ಆಸೆಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಊಟದ ಸಾಲಿನಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಮೈಸೂರಿನಲ್ಲಿ ನಾವು ಸ್ಕೂಲಿಗೆ ಹೋಗುತ್ತಿದ್ದಾಗ ರಷ್ಯಾದಿಂದ ಹೊಳೆಯುವ ಕಾಗದದ ಪತ್ರಿಕೆಗಳು ಬರುತ್ತಿದ್ದವು. ಓದುವವರು ಕಡಿಮೆ, ಪುಸ್ತಕಕ್ಕೆ ಬೈಂಡ್ ಹಾಕುವವರೇ ಹೆಚ್ಚು. ಅಕ್ಕ ರದ್ದಿ ಅಂಗಡಿಯಿಂದ ಆರಿಸಿ ತಂದು ನನ್ನ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿ ಕೊಡುತ್ತಿದ್ದಳು. ಲೆಕ್ಕದ ನೋಟ್‌ಬುಕ್ಕಿಗೆ ಈರುಳ್ಳಿಯಂಥ ಗೋಪುರದ ಒಂದು ಚರ್ಚು ಸಿಕ್ಕಿತ್ತು. ಲೆಕ್ಕ ತಲೆಗೆ ಹತ್ತದಿದ್ದಾಗಲೆಲ್ಲ ನಾನು ಆ ಗೋಪುರ ನೋಡುತ್ತಾ ಕೂರುತ್ತಿದ್ದೆ. ಹಾಗಾಗಿ ಅದು ನನಗೆ ಚೆನ್ನಾಗಿ ಪರಿಚಯ.

ಮೊದಲ ಸಲ ಬುಕ್ ಮಾಡಿದ್ದನ್ನು ಕೋವಿಡ್ ನುಂಗಿತು. ಮನೆಯಲ್ಲಿ ಕೂತು ಬೇರೆಯವರು ಬ್ರೆಡ್ ಮಾಡುವುದನ್ನು ಕಲಿತರೆ ನಾನು ಫೋನಿನ ಆ್ಯಪ್ ಇಟ್ಟುಕೊಂಡು ರಷ್ಯನ್ ಕಲಿತೆ. ಕಲಿತೆ ಅಂತ ನಾನು ಹೇಳುತ್ತಿದ್ದೆ. ನನಗೆ ಬೆಕ್ಕು ಇಲ್ಲ, ನನ್ನ ಹೆಂಡತಿ ಇಂಜಿನಿಯರ್, ಸೇಬು ಮೇಜಿನ ಮೇಲಿದೆ, ಇಷ್ಟನ್ನು ಎಂಥ ರಷ್ಯದವನಿಗೂ ಅರ್ಥವಾಗುವ ಹಾಗೆ ಹೇಳಬಲ್ಲವನಾದೆ. ದೇವಸ್ಥಾನ ಮತ್ತೆ ತೆರೆದ ಮೇಲೆ, ಸಾರು ಬಡಿಸಿದ ಹುಡುಗನಿಗೆ ರಷ್ಯನ್‌ನಲ್ಲೇ ಥ್ಯಾಂಕ್ಸ್ ಹೇಳಲು "ಸ್ಪಸೀಬ" ಅಂದೆ. ಅವನು ಇನ್ನೊಂದು ಸೌಟು ಬಡಿಸಿದ.

ಎರಡನೇ ವರ್ಷ ದಾರಿ ತೆರೆಯಿತು. ಲಸಿಕೆ, ಟೆಸ್ಟ್, ವೀಸಾಕ್ಕೆಂದು ವಾಷಿಂಗ್ಟನ್‌ವರೆಗೆ ಡ್ರೈವ್. ಅಟ್ಲಾಂಟಾದಲ್ಲಿರುವ ಮಗಳು ಫೋನ್ ಮಾಡಿ "ಅಪ್ಪಾ, ಸೀರಿಯಸ್ಲಿ? ಈಗ?" ಅಂದಳು. ಸೀರಿಯಸ್ಸಾಗಿಯೇ ಹೊರಟೆವು.

ಹಡಗು ನಿಜವಾಗಿಯೂ ಐಷಾರಾಮಿ. ಕ್ಯಾಬಿನ್ನಿನಲ್ಲಿ ದಿಂಬುಗಳಿಗೇ ಒಂದು ಮೆನು ಇತ್ತು. ಮೆತ್ತಗಿನದು, ಗಟ್ಟಿಯದು, ಬಕ್‌ವೀಟ್ ಎಂಬ ಧಾನ್ಯದ ಹೊಟ್ಟು ತುಂಬಿದ್ದು. ನಾನು ಗತ್ತಿನಿಂದ ಹೊಟ್ಟಿನದನ್ನೇ ತರಿಸಿ ರಾತ್ರಿಯೆಲ್ಲ ಚರಪರ ಸದ್ದು ಕೇಳುತ್ತ ಎಚ್ಚರವಿದ್ದೆ. ಬಿಳಿಯ ಬಾತ್‌ರೋಬ್ ಹಾಕಿಕೊಂಡು, ವೋಲ್ಗಾ ನದಿಯನ್ನು ನೋಡುತ್ತಾ ಹೆಂಡತಿ ಕ್ಯಾರಿಯಿಂದ ತಂದಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿನ್ನುವುದು ನಮ್ಮ ಬೆಳಗಿನ ಕಾರ್ಯಕ್ರಮ. ಅವಳಿಗೆ ರಷ್ಯಾ ಮೊದಲ ದಿನವೇ ಇಷ್ಟವಾಗಿಬಿಟ್ಟಿತ್ತು. ಸೂಪು, ಆಲೂಗಡ್ಡೆ, ಸೌತೇಕಾಯಿ, ಯಾವುದನ್ನು ತಂದಿಟ್ಟರೂ ಮೇಲೆ ಸಬ್ಬಸಿಗೆ ಸೊಪ್ಪು. "ನಮ್ಮ ಕಡೆಯವರೇ ಕಣ್ರೀ ಇವರು," ಅಂದಳು. ಒಂದು ಪದ ರಷ್ಯನ್ ಬಾರದೆ ಅವಳು ದೇಶವನ್ನು ಅರ್ಥ ಮಾಡಿಕೊಂಡದ್ದು ನನಗೆ ಸ್ವಲ್ಪ ಕಿರಿಕಿರಿ ಮಾಡಿತು.

ಕ್ಯಾಪ್ಟನ್ ಎಲ್ಲರನ್ನೂ ಊಟಕ್ಕೆ ಕರೆದಿದ್ದ ಸಂಜೆ ನನ್ನ ವಿದ್ಯೆ ಬಯಲಾಯಿತು. ಹಡಗು ಅರ್ಧ ಖಾಲಿ, ಇಂಗ್ಲಿಷ್ ಮಾತಾಡುವ ನಾವು ಹತ್ತಾರು ಜನ ಒಂದೇ ಮೇಜಿನಲ್ಲಿ. ನಮ್ಮ ಗೈಡ್, ಪೀಟರ್ಸ್‌ಬರ್ಗಿನ ಒಬ್ಬ ಹುಡುಗಿ, ಕ್ಯಾಪ್ಟನ್ನಿಗೆ ಎಲ್ಲರನ್ನೂ ಪರಿಚಯಿಸುತ್ತಾ ಬಂದಳು. ನನ್ನ ಸರದಿ ಬಂದಾಗ ಕೈ ಅಡ್ಡ ಹಿಡಿದು ಅವಳನ್ನು ತಡೆದು ಎದ್ದು ನಿಂತೆ. ನಮ್ಮ ಕನ್ನಡ ಸಂಘದ ಸಂಚಿಕೆಗೆ ನಾನು ಪ್ರವಾಸ ಲೇಖನ ಬರೆಯುವವನು, ಅದನ್ನು ತಿಳಿಸಬೇಕಿತ್ತು. ರಷ್ಯನ್‌ನಲ್ಲಿ ಓದುವುದಕ್ಕೆ ಚಿತಾತ್, ಓದುತ್ತೇನೆ ಎಂದರೆ ಚಿತಾಯು. ಬರೆಯುವುದಕ್ಕೆ ಪಿಸಾತ್. ಹಾಗಾದರೆ ಬರೆಯುತ್ತೇನೆ ಎಂದರೆ ಪಿಸಾಯು ತಾನೇ? ಮೂವತ್ತು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಇಷ್ಟು ಲಾಜಿಕ್ ಬೇಡವೇ?

"ನಾನು ಹೋದ ಪ್ರತಿಯೊಂದು ಊರಿನಲ್ಲೂ ಪಿಸಾಯು," ಎಂದು ಗಟ್ಟಿಯಾಗಿ ಹೇಳಿದೆ. "ಮನೆಯಲ್ಲಿ ದಿನಾ ಬೆಳಿಗ್ಗೆ ಪಿಸಾಯು. ನನ್ನ ಸ್ನೇಹಿತರಿಗೆಲ್ಲ ಅದು ತುಂಬಾ ಇಷ್ಟ."

ಬಡಿಸುತ್ತಿದ್ದವನ ಕೈ ಹಾಗೇ ನಿಂತಿತು. ಗೈಡ್ ಹುಡುಗಿ ತನ್ನ ತಟ್ಟೆಯನ್ನೇ ನೋಡತೊಡಗಿದಳು. ಕ್ಯಾಪ್ಟನ್ ಗಂಭೀರವಾಗಿ ಏನೋ ಹೇಳಿದ. ಅವಳು ಕಷ್ಟಪಟ್ಟು ಅದನ್ನು ಇಂಗ್ಲಿಷಿಗೆ ತಂದಳು. "ಪ್ರತಿ ಕ್ಯಾಬಿನ್ನಿನಲ್ಲೂ ಅದಕ್ಕೆ ಒಳ್ಳೆಯ ವ್ಯವಸ್ಥೆ ಇದೆ. ದಯವಿಟ್ಟು ನಮ್ಮ ಊರುಗಳನ್ನು ಬಿಟ್ಟುಬಿಡಿ ಎನ್ನುತ್ತಿದ್ದಾರೆ." ನಾನು ಬರೆಯುತ್ತೇನೆ ಎಂದಿರಲಿಲ್ಲ, ಉಚ್ಚೆ ಹೊಯ್ಯುತ್ತೇನೆ ಎಂದಿದ್ದೆ. ನನ್ನ ಹೆಂಡತಿ ನ್ಯಾಪ್‌ಕಿನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಣಿಯುತ್ತಿದ್ದುದರಿಂದ ಅದು ದುಃಖವಲ್ಲವೆಂದು ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಉಗ್ಲಿಚ್ ಎಂಬ ಊರಿನಲ್ಲಿ ಹಡಗು ನಿಂತಾಗಲೂ ಅವಳ ನಗು ಪೂರ್ತಿ ಇಳಿದಿರಲಿಲ್ಲ. ನದಿಯ ಅಂಚಿನಲ್ಲೇ ಕೆಂಪು ಗೋಡೆಯ, ನೀಲಿ ಗೋಪುರಗಳ ಚರ್ಚು. ಒಳಗೊಂದು ಗಂಟೆ. ಹಿಂದೆ ಇಲ್ಲಿ ಪುಟ್ಟ ರಾಜಕುಮಾರನೊಬ್ಬ ಸತ್ತಾಗ ಈ ಗಂಟೆ ಬಾರಿಸಿ ಜನರನ್ನು ದಂಗೆಯೆಬ್ಬಿಸಿದರಂತೆ. ಅದಕ್ಕೇ ಗಂಟೆಗೆ ಛಡಿಯೇಟು ಕೊಟ್ಟು, ಅದರ ನಾಲಿಗೆ ಕಿತ್ತು, ಸೈಬೀರಿಯಾಕ್ಕೆ ಗಡಿಪಾರು ಮಾಡಿದರು, ಮುನ್ನೂರು ವರ್ಷದ ಮೇಲೆ ವಾಪಸ್ ತಂದರು ಎಂದು ಗೈಡ್ ವಿವರಿಸಿದಳು.

"ಕೇಳಿಸ್ಕೊಂಡ್ರಾ?" ಅಂದಳು ನನ್ನಾಕೆ. "ಸಿಕ್ಕಸಿಕ್ಕಲ್ಲಿ ಬಾಯಿ ಬಿಟ್ಟರೆ ಹಾಗೇ."

ನನಗೆ ಉರಿದುಹೋಯಿತು. "ನಾನು ಮುಂದೆ ಹೋಗಿರ್ತೀನಿ," ಎಂದು ಹೊರಗೆ ಬಂದುಬಿಟ್ಟೆ. ಅಂಗಡಿ ಸಾಲಿನ ಕಡೆ ಮುಂದೆ ಹೋಗಿರುತ್ತೇನೆ ಎಂದು ನನ್ನ ಅರ್ಥ. ಹಡಗಿಗೆ ಹೋಗಿರುತ್ತೇನೆ ಎಂದು ಅವಳ ಅರ್ಥ. ಹಡಗಿನಿಂದ ಇಳಿಯುವಾಗ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಡುತ್ತಿದ್ದರು, ಹತ್ತುವಾಗ ವಾಪಸ್ ಕೊಡಬೇಕು, ಯಾರು ಬಂದರು ಯಾರು ಬರಲಿಲ್ಲ ಎಂದು ಅವರಿಗೆ ತಿಳಿಯುವುದು ಹಾಗೆ. ನನ್ನ ಕಾರ್ಡು ಎಂದಿನಂತೆ ಅವಳ ಬ್ಯಾಗಿನಲ್ಲಿತ್ತು. ನಾನು ಕಾರ್ಡಿಲ್ಲದೆಯೇ ಒಳಗೆ ನುಗ್ಗಿರಬೇಕೆಂದುಕೊಂಡು ಅವಳು ಎರಡನ್ನೂ ಕೊಟ್ಟುಬಿಟ್ಟಳು. ಕ್ಯಾಬಿನ್ನಿನಲ್ಲಿ ನಾನಿಲ್ಲದ್ದನ್ನು ನೋಡಿ, ಮೇಲಿನ ಡೆಕ್ಕಿನಲ್ಲೆಲ್ಲೋ ಮುಖ ಊದಿಸಿಕೊಂಡು ಕೂತಿದ್ದಾರೆ, ಹಸಿವಾದರೆ ತಾವಾಗಿಯೇ ಬರುತ್ತಾರೆ ಅಂದುಕೊಂಡಳಂತೆ. ಬೇರೆ ದಿನವಾಗಿದ್ದರೆ ಅವಳ ಊಹೆ ಸರಿಯಾಗಿಯೇ ಇರುತ್ತಿತ್ತು.

ಉಗ್ಲಿಚ್ ಕೈಗಡಿಯಾರಗಳಿಗೆ ಹೆಸರಾದ ಊರು. ಗಡಿಯಾರ ಮಾರುವ ಹೆಂಗಸೊಬ್ಬಳು "ಎಲ್ಲಿಯವರು?" ಎಂದು ರಷ್ಯನ್‌ನಲ್ಲಿ ಕೇಳಿದಳು. ನನಗೆ ಅರ್ಥವಾಯಿತು! ಉತ್ತರಿಸಿದೆ, ಅವಳಿಗೂ ಅರ್ಥವಾಯಿತು! ಬೆಕ್ಕಿಲ್ಲದ ವಿಷಯ, ಇಂಜಿನಿಯರ್ ಹೆಂಡತಿಯ ವಿಷಯ ಎಲ್ಲವನ್ನೂ ಹೇಳಿದೆ. ಅವಳು "ಓಹೋ" ಎನ್ನುತ್ತಾ ಕೇಳಿದಳು. ಕಳೆದುಹೋದ ಮರ್ಯಾದೆ ಒಂದೊಂದೇ ವಾಕ್ಯವಾಗಿ ಹಿಂದಿರುಗುತ್ತಿತ್ತು. ಕಡೆಗೆ ಒಂದು ಹಳೆಯ ಮಾದರಿಯ ಗಡಿಯಾರ ಕೊಂಡು ಕೈಗೆ ಕಟ್ಟಿಕೊಂಡೆ. ಅದನ್ನು ನೋಡಿ, ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಮಾತು ಮುಂದುವರಿಸಿದೆ. ಎಷ್ಟು ಸಲ ನೋಡಿದರೂ ಬೇಕಾದಷ್ಟು ಹೊತ್ತಿತ್ತು. ಕೀ ಕೊಡುವ ಗಡಿಯಾರ ಅದು, ಕೀ ಕೊಟ್ಟಿರಲಿಲ್ಲ.

ನದಿ ದಡಕ್ಕೆ ಬಂದರೆ ಹಡಗು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ನೀರು ಮಾತ್ರ ಇತ್ತು, ಪಕ್ಕದಲ್ಲಿ ಒಂದು ನಾಯಿ. ದೂರದಲ್ಲಿ, ತಿರುವಿನಲ್ಲಿ, ನಮ್ಮ ಐಷಾರಾಮದ ಬಿಳಿಯ ಬೆನ್ನು ಕಾಣುತ್ತಿತ್ತು. ಪಾಸ್‌ಪೋರ್ಟ್ ಹಡಗಿನಲ್ಲಿ, ಫೋನು ಚಾರ್ಜಿಗೆ ಹಾಕಿದ್ದು ಹಡಗಿನಲ್ಲಿ. ನನಗೆ ಮೊದಲು ಬಂದ ಯೋಚನೆ ಯಾವುದೆಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಇದನ್ನು ಮಾರಿಸ್‌ವಿಲ್‌ನಲ್ಲಿ ಹೇಗೆ ಹೇಳಲಿ?

ಓಡಿ ಗಡಿಯಾರದವಳ ಬಳಿಗೇ ಬಂದೆ. ಹಡಗು ನನ್ನನ್ನು ಬಿಟ್ಟು ಹೋಯಿತು ಎನ್ನಲು ಬೇಕಾದ ವ್ಯಾಕರಣ ನನ್ನ ಬಳಿ ಇರಲಿಲ್ಲ. "ಹಡಗು ಇಲ್ಲ. ನಾನು ಇದ್ದೇನೆ," ಅಂದೆ. ಅವಳು ನದಿಯತ್ತ ನೋಡಿದಳು, ನನ್ನತ್ತ ನೋಡಿದಳು, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡಳು. ಮುಂದಿನ ನಿಲ್ದಾಣ ಮಿಶ್ಕಿನ್ ಎಂದು ನನಗೆ ನೆನಪಿತ್ತು, ಅದನ್ನೇ ನಾಲ್ಕು ಸಲ ಹೇಳಿದೆ. ಅವಳು ಕೂಗಿ ಕರೆದ ಮೇಲೆ, ಪಕ್ಕದ ಬೀದಿಯಿಂದ ನನ್ನ ವಯಸ್ಸಿನವನೇ ಒಬ್ಬ, ಅವಳ ಅಣ್ಣ, ಹಳೆಯ ಕಾರು ತಂದ. ಮುಂದಿನ ಸೀಟಿನ ಮೇಲೆ ಹೆಂಗಸರ ಉಣ್ಣೆಯ ಶಾಲೊಂದು ಮಡಿಸಿಟ್ಟಿತ್ತು. ಅದನ್ನು ಎರಡು ಕೈಯಿಂದ ಎತ್ತಿ ಹಿಂದಿನ ಸೀಟಿನಲ್ಲಿಟ್ಟು ನನ್ನನ್ನು ಕೂರಿಸಿದ.

ನದಿ ಬಳಸಿಕೊಂಡು ಹೋಗುತ್ತದೆ, ರಸ್ತೆ ಹತ್ತಿರ, ಗಾಬರಿ ಬೇಡ ಎಂದು ಅವನು ಕೈಯಲ್ಲೇ ಬರೆದು ತೋರಿಸಿದ. ಇಕ್ಕೆಲದಲ್ಲೂ ಬಿಳಿ ಕಾಂಡದ ಮರಗಳು, ಎಲೆ ಹಳದಿಯಾಗುತ್ತಿದ್ದವು. ಸುಮ್ಮನೆ ಕೂರುವುದು ಸೌಜನ್ಯವಲ್ಲವೆಂದು ಪಾಠದಲ್ಲಿ ಕಲಿತ ಇನ್ನೊಂದು ಪ್ರಶ್ನೆ ಹೊರತೆಗೆದೆ. "ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ?"

ಅವನು ರಸ್ತೆಯನ್ನೇ ನೋಡುತ್ತಾ ಏನೋ ಹೇಳಿದ. ಅದರಲ್ಲಿ ನನಗೆ ತಿಳಿದದ್ದು ಎರಡು ಪದ. ಚಳಿಗಾಲ, ಕೋವಿಡ್. ಆಮೇಲೆ ಹಿಂದಿನ ಸೀಟಿನ ಕಡೆ ತಲೆಯಾಡಿಸಿದ.

ಆಗ ನನಗೆ ಬೇಕಾಗಿದ್ದ ಒಂದೇ ಒಂದು ವಾಕ್ಯ ಆ ಆ್ಯಪ್‌ನಲ್ಲಿ ಇರಲಿಲ್ಲ. "ನನ್ನ ಅಕ್ಕ ಕೂಡ," ಅಂದೆ. ಅಷ್ಟು ರಷ್ಯನ್ ಬರುತ್ತಿತ್ತು. ಆ ವರ್ಷವೇ, ಎರಡನೇ ಅಲೆಯಲ್ಲಿ, ಅಕ್ಕ ಮೈಸೂರಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿದ್ದಳು. ಕ್ಯಾರಿಯ ನಮ್ಮ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಿಂತು ಅವಳನ್ನು ಕಳಿಸಿಕೊಟ್ಟಿದ್ದೆ. ಅದಾದ ಮೇಲೆ ಯಾರೊಂದಿಗೂ ಅದರ ಬಗ್ಗೆ ಮಾತಾಡಿರಲಿಲ್ಲ. ಈ ಪ್ರವಾಸವನ್ನು ಮಾತ್ರ ಹಟ ಹಿಡಿದು ರದ್ದು ಮಾಡಲಿಲ್ಲ.

ಮಿಶ್ಕಿನ್ ನದಿಯ ಆಚೆ ದಡದಲ್ಲಿದೆ. ಕಾರುಗಳನ್ನೂ ದಾಟಿಸುವ ದೋಣಿಗಾಗಿ ಕಾಯಬೇಕಿತ್ತು. ಅವನು ಡಿಕ್ಕಿಯಿಂದ ಸೌತೇಕಾಯಿ ತೆಗೆದು, ಉದ್ದಕ್ಕೆ ಸೀಳಿ, ಉಪ್ಪು ಉಜ್ಜಿ ನನಗೊಂದು ಹೋಳು ಕೊಟ್ಟ. ಕಾರಿಗೆ ಒರಗಿ ನಿಂತು ತಿಂದೆವು. ಅವನು ತನ್ನ ಹೆಂಡತಿಯ ಬಗ್ಗೆ ಹೇಳತೊಡಗಿದ, ನಿಧಾನವಾಗಿ, ತುಂಬಾ ಹೊತ್ತು. ಅವನು ನಿಲ್ಲಿಸಿದಾಗ ನಾನು ಅಕ್ಕನ ಬಗ್ಗೆ ಹೇಳಿದೆ. ರಷ್ಯನ್ ಹುಡುಕುವ ಗೋಜಿಗೆ ಹೋಗಲಿಲ್ಲ, ಕನ್ನಡದಲ್ಲೇ ಹೇಳಿದೆ. ರದ್ದಿ ಅಂಗಡಿ, ಅಂಟು ಮೆತ್ತಿದ ಅವಳ ಬೆರಳು, ಕಡೆಯ ಸಲ ಫೋನಿನಲ್ಲಿ "ಊಟ ಆಯ್ತೇನೋ?" ಎಂದು ಕೇಳಿದ್ದು. ಅವನು "ದಾ, ದಾ", ಹೌದು ಹೌದು, ಎನ್ನುತ್ತಾ ಕೇಳಿಸಿಕೊಂಡ. ನಾನು ಅತ್ತಾಗ ಅವನು ಇನ್ನೊಂದು ಸೌತೇಕಾಯಿ ಸೀಳಿದ.

ದೋಣಿ ನದಿಯ ಮಧ್ಯೆ ಬಂದಾಗ ಅವನು ನನ್ನ ತೋಳು ಹಿಡಿದು ತೋರಿಸಿದ. ನದಿಯ ಮೇಲ್ಗಡೆಯಿಂದ, ಬೆರಳಿನಷ್ಟು ಚಿಕ್ಕದಾಗಿ, ನಮ್ಮ ಬಿಳಿಯ ಹಡಗು ಬರುತ್ತಿತ್ತು. ನಾನು ಕೈ ಬೀಸಿದೆ. ಅಷ್ಟು ದೂರಕ್ಕೆ ಯಾರಿಗೆ ಕಾಣಬೇಕು!

ನಾವು ದಡದಲ್ಲಿ ಎಷ್ಟೋ ಹೊತ್ತು ಕಾದ ಮೇಲೆ ಹಡಗು ಬಂತು. ಜನ ಕಂಬಿ ಹಿಡಿದು ಹೊಸ ಊರು ನೋಡುತ್ತಾ ನಿಂತಿದ್ದರು. ನನ್ನ ಹೆಂಡತಿಯೂ ಇದ್ದಳು. ಅವಳ ಕಣ್ಣು ಚರ್ಚಿನ ಮೇಲೆ ಹೋಯಿತು, ಅಂಗಡಿಗಳ ಮೇಲೆ ಹೋಯಿತು, ನನ್ನ ಮೇಲೆ ಬಂತು, ಮುಂದೆ ಹೋಗಿ ಮತ್ತೆ ವಾಪಸ್ ಬಂತು.

"ರೀ! ಅಲ್ಲೇನ್ ಮಾಡ್ತಿದ್ದೀರಿ?"

"ನಿಂಗೇ ಕಾಯ್ತಿದ್ದೀನಿ!"

"ಹಡಗು ಇನ್ನೂ ನಿಂತೇ ಇಲ್ಲ, ಯಾವಾಗ ಇಳಿದ್ರಿ?"

"ಉಗ್ಲಿಚ್‌ನಲ್ಲಿ!"

ಅವಳು ಹಾಗೇ ಕುಸಿದು ಕುರ್ಚಿಯಲ್ಲಿ ಕೂತಳು. ಗೈಡ್ ಹುಡುಗಿ ಕೈಯಲ್ಲಿದ್ದ ಬಾವುಟದ ಕೋಲನ್ನೇ ಕೆಳಗೆ ಬೀಳಿಸಿದಳು. ಹಲಗೆ ಹಾಕಿದ ತಕ್ಷಣ ಎಲ್ಲರಿಗಿಂತ ಮೊದಲು ಓಡಿಬಂದ ನನ್ನಾಕೆ ನನ್ನ ತೋಳಿಗೆ ಬಲವಾಗಿ ಒಂದೇಟು ಕೊಟ್ಟಳು. ಆಮೇಲೆ ಅದೇ ತೋಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಕಾರಿನವನಿಗೆ ಕೈ ಮುಗಿದು, ಕ್ಯಾಬಿನ್ನಿಗೆ ನನ್ನನ್ನೂ ಎಳೆದುಕೊಂಡೇ ಹೋಗಿ ಕೋಡುಬಳೆಯ ಡಬ್ಬಿ ತಂದು ಅವನ ಕೈಯಲ್ಲಿಟ್ಟಳು. ಅವನು ಒಂದನ್ನು ಕಡಿದು, ಕಣ್ಣಲ್ಲಿ ನೀರು ತಂದುಕೊಂಡು, ಹೆಬ್ಬೆರಳೆತ್ತಿದ. ಖಾರ ಸ್ವಲ್ಪ ಮುಂದಾಗಿತ್ತು.

"ಇಷ್ಟು ಹೊತ್ತು ಅವರ ಜೊತೆ ಏನು ಮಾತಾಡಿದ್ರಿ?" ಎಂದು ಸಂಜೆ ಕೇಳಿದಳು.

"ಅಕ್ಕನ ವಿಷಯ."

ಅವಳು ಬಂದು ನನ್ನ ಪಕ್ಕ ಕೂತಳು. ಹಡಗು ಹೊರಟಿತು.

ಊರಿಗೆ ಬಂದ ಮೇಲೆ ಸಂಘದವರು ನನ್ನಿಂದ ಒಂದು ಸ್ಲೈಡ್ ಶೋ ಇಡಿಸಿದರು. ಚರ್ಚುಗಳ ಒಳಗೋಡೆಯ ಚಿತ್ರಗಳ ಬಗ್ಗೆ ನಾನು ತುಂಬಾ ಓದಿಕೊಂಡಿದ್ದೆ. ಎರಡನೇ ಸ್ಲೈಡಿಗೇ ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಅಂಕಲ್, ಅದೆಲ್ಲಾ ಆಮೇಲೆ. ಪಿಸಾಯು ಹೇಳಿ," ಅಂದ. ಹೆಂಡತಿ ಆಗಲೇ ವಾಟ್ಸ್ಆ್ಯಪ್‌ನಲ್ಲಿ ಎಲ್ಲವನ್ನೂ ಹಂಚಿಯಾಗಿತ್ತು. ಕಡೆಗೆ ಅವಳೇ ಎದ್ದು ಬಂದು ಕಥೆ ಹೇಳಿದಳು. ನಾನು ಅವಳಿಗೆ ಮೈಕ್ ಹಿಡಿದೆ.

ಮರುವರ್ಷ ಯುದ್ಧ ಶುರುವಾಯಿತು. ಆ ಹಡಗುಗಳಿಗೆ ಇಲ್ಲಿಂದ ಜನ ಹೋಗುವುದು ನಿಂತಿತು. ಕಾರಿನವನ ಫೋನ್ ನಂಬರ್ ಕೇಳಿಕೊಳ್ಳಬೇಕೆಂದು ಅಂದು ನನಗೆ ಹೊಳೆದಿರಲಿಲ್ಲ. ಟೀವಿಯಲ್ಲಿ ಸುದ್ದಿ ಬಂದಾಗ ನನ್ನಾಕೆ ಕೆಲವೊಮ್ಮೆ ಕೈಯಲ್ಲಿನ ಕೆಲಸ ನಿಲ್ಲಿಸಿ, "ಅವರು ಹೇಗಿದ್ದಾರೋ ಏನೋ," ಅನ್ನುತ್ತಾಳೆ.

"ಚೆನ್ನಾಗಿರ್ತಾರೆ ಬಿಡು," ಅನ್ನುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿರುವವನಂತೆ ಹೇಳುವುದು ನನಗೆ ಮೊದಲಿಂದಲೂ ಸಲೀಸು.