ಚೌಕಾಶಿ ಮಂದಿಯ ಚಪ್ಪಲಿ

ಸಂತೆಯಲ್ಲಿ ನಿಂತು ವ್ಯಾಪಾರ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಚಪ್ಪಲಿ ಕೊಳ್ಳುವಾಗ ಮೊದಲು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ರೇಟು ಆಮೇಲೆ ಕೇಳಿ. ನಾನು ವರ್ಷಗಟ್ಟಲೆ ಉಲ್ಟಾ ಮಾಡಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ವಾರಕ್ಕೆ ನಾಲ್ಕು ಸಂತೆ ನನ್ನವು. ಸೀರೆ, ಕುಪ್ಪಸದ ಖಣ ಮಾರುತ್ತೇನೆ. ಮುಂಜಾನೆ ಗಂಟು ಬಿಚ್ಚಿದರೆ ಸಂಜೆಯವರೆಗೆ ನಿಂತೇ ಇರಬೇಕು. ಕೂತವಳ ಮಾಲೂ ಕೂತೇ ಇರುತ್ತದೆ. ಚಳಿಗಾಲ ಬಂತೆಂದರೆ ನನ್ನ ಹಿಮ್ಮಡಿಗಳು ಎರೆಹೊಲದ ಹಾಗೆ ಬಿರಿಯುತ್ತಿದ್ದವು. ದುಡಿಯುವ ಕಾಲು ಅಂತ ಜಂಬ ಬೇರೆ. ಬ್ಲೇಡಿನಿಂದ ಹೆರೆಯುತ್ತಿದ್ದೆ, ಒಣಗಾಲಿಗೇ ಎಣ್ಣೆ ಸವರಿ ಮತ್ತೆ ನಿಲ್ಲುತ್ತಿದ್ದೆ. ಎರಡೂ ತಪ್ಪು.

ಚಪ್ಪಲಿ ಮಾತ್ರ ಸಿಂದಗಿಯ ನನ್ನ ಅಣ್ಣನ ಅಂಗಡಿಯದೇ. ಒಡಹುಟ್ಟಿದವನಲ್ಲ. ನಾನು ಮೊದಲ ಸಲ ಗಂಟು ಹೊತ್ತು ಬಂದಾಗ, ಹಾಸಿದಲ್ಲೆಲ್ಲ ಮಂದಿ ಎಬ್ಬಿಸಿ ಕಳಿಸಿದಾಗ, ತನ್ನ ಅಂಗಡಿಯ ಮುಂದಿನ ನೆರಳು ಬಿಟ್ಟುಕೊಟ್ಟವನು. ಅಂದಿನಿಂದ ಪ್ರತಿ ನಾಗರಪಂಚಮಿಗೆ ತಂಗಿಯಾಗಿ ಅವನ ಮನೆಗೆ ಉಂಡಿ ಒಯ್ಯುತ್ತಿದ್ದೆ. ಆದರೂ ಚಪ್ಪಲಿಯ ರೇಟಿಗೆ ಜಗ್ಗಾಡದೆ ಬಿಟ್ಟವಳಲ್ಲ. "ತಂಗೆವ್ವ, ನೀ ನನ್ನ ಅಂಗಡಿ ಮುಚ್ಚಸಾಕಿ ಬಿಡು," ಅನ್ನುತ್ತ ಮೂಲೆಯ ಚೀಲದಿಂದ ಒಂದು ಜೋಡು ತೆಗೆದು ನಾನು ಹೇಳಿದ ರೇಟಿಗೇ ಕೊಡುತ್ತಿದ್ದ. ಗೆದ್ದೆ ಅಂದುಕೊಂಡು ಮೆಟ್ಟಿಕೊಂಡು ಬರುತ್ತಿದ್ದೆ.

ಹೋದ ಚಳಿಗಾಲ ಇಂಡಿ ಸಂತೆಯಲ್ಲಿ ಗಿರಾಕಿ ಹೆಣ್ಣುಮಗಳೊಬ್ಬಳು ಖಣ ತಿರುವಿ ನೋಡಿ, "ಇದಕ್ಕ ರಕ್ತ ಹತ್ತೈತಲ್ರಿ," ಅಂದಳು. ಚಪ್ಪಲಿ ಬಿಟ್ಟು ಮಾಲು ಹಾಸಿದ ಚಾದರದ ಮೇಲೆ ಹತ್ತಿದಾಗ ನನ್ನ ಹಿಮ್ಮಡಿಯಿಂದ ತಾಗಿದ್ದು. ಮಧ್ಯಾಹ್ನಕ್ಕೇ ಗಂಟು ಕಟ್ಟಿದೆ. ಕಾಲು ಊರಲು ಆಗದಿದ್ದರೆ ನಾಲ್ಕು ಸಂತೆಯೂ ಹೋದಂತೆ.

ಡಾಕ್ಟರಮ್ಮ ಮೊದಲು ಸಕ್ಕರೆ ಕಾಯಿಲೆ ಇದೆಯೋ ಎಂದು ರಕ್ತ ನೋಡಿಸಿದರು, ಇರಲಿಲ್ಲ. ಆಮೇಲೆ ನನ್ನ ಚಪ್ಪಲಿಯನ್ನು ಒತ್ತಿ ನೋಡಿ, "ಇದು ಚಪ್ಪಲಿಯೋ ಹಲಗಿಯೋ? ಮೆತ್ತಂದು, ಹಿಂದ ಮುಚ್ಚಿದ್ದು ಹಾಕ್ರಿ. ಇಲ್ಲಾಂದ್ರ ನಾ ಎಷ್ಟ ಮುಲಾಮ ಕೊಟ್ರೂ ಅಷ್ಟ," ಅಂದರು. ಗಾಯ ಮಾಗಿದ ಮೇಲೆ ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಮೆಲ್ಲಗೆ ತಿಕ್ಕಿ, ಪಸೆ ಆರುವ ಮೊದಲೇ ಮುಲಾಮು ಹಚ್ಚಿ, ಕಾಲುಚೀಲ ಹಾಕಿ ಮಲಗಬೇಕು. ನೀವೂ ಹಾಗೇ ಮಾಡಿ.

ಸಿಂದಗಿಗೆ ಹೋದಾಗ ಅಣ್ಣ ಊಟಕ್ಕೆ ಹೋಗಿದ್ದ. ಅಂಗಡಿಯಲ್ಲಿ ಅವನ ಹೆಂಡತಿ, ನನ್ನ ವೈನಿ, ಕೂತಿದ್ದಳು. ನಾನು ಅಭ್ಯಾಸದಂತೆ ಮೂಲೆಯ ಚೀಲಕ್ಕೆ ಕೈ ಹಾಕಿದೆ.

"ಅವು ಬ್ಯಾಡ್ರಿ ಅಕ್ಕಾರ. ಚೌಕಾಶಿ ಮಂದಿಗಿ ಅಂತ ಇಟ್ಟಾವು. ಬರೇ ಕಟ್ಟಿಗಿ. ನಿಮಗ ಮ್ಯಾಲಿನವು ಕೊಡ್ತೇನಿ."

ಅವಳಿಗೆ, ಪಾಪ, ಗೊತ್ತಿರಲಿಲ್ಲ.

ಅಣ್ಣ ಬಂದ. ನಾನು ಪಟ್ಟಿ ಕಟ್ಟಿದ ಕಾಲು ಮುಂದೆ ಚಾಚಿದೆ. "ಇಷ್ಟ ವರ್ಷ ನನಗ ಈ ಚೀಲದಾಗಿಂದ ಕೊಟ್ಟಿ?"

"ನೀ ರೇಟ್ ಇಳಸ್ತಿದ್ದಿ, ನಾ ಅಟ್ಟಿ ಇಳಸ್ತಿದ್ದೆ. ವ್ಯಾಪಾರಕ್ಕ ವ್ಯಾಪಾರ, ತಂಗೆವ್ವ. ನಿನಗ ಗೊತ್ತಿಲ್ಲದ್ದೇನು?"

ಗೊತ್ತಿತ್ತು. ನಾನೂ ಎರಡು ಗಂಟು ಇಡುವವಳೇ, ಜಗ್ಗಾಡುವವರಿಗೊಂದು, ಉಳಿದವರಿಗೊಂದು. ಆದರೆ ಈ ವೈನಿ ಬಂದು ಎಷ್ಟು ಜಗ್ಗಾಡಿದರೂ ಒಳ್ಳೆಯ ಗಂಟನ್ನೇ ಬಿಚ್ಚಿದ್ದೇನೆ. ಅಣ್ಣ, ವೈನಿ ಇಬ್ಬರನ್ನೂ ನಾನು ಗಿರಾಕಿಗಳ ಸಾಲಿಗೆ ಸೇರಿಸಿರಲಿಲ್ಲ.

ಮೇಲಿನ ಸಾಲಿನಿಂದ ಹಿಂದೆ ಮುಚ್ಚಿದ ಜೋಡೊಂದನ್ನು ಇಳಿಸಿಕೊಂಡು, ಒತ್ತಿ ನೋಡಿ, ರೇಟು ಕೇಳಿದೆ. ಹೇಳಿದ. ಅಷ್ಟೂ ಅವನ ಮುಂದಿಟ್ಟೆ.

ಅವನ ಮುಖ ಇಳಿಯಿತು. "ಒಂದ ಮಾತರ ಜಗ್ಗಬೇ. ಕಡಿಮಿ ಮಾಡ್ತೇನಿ."

"ಬ್ಯಾಡ್ರಿ," ಅಂದೆ. "ಬರೋಬ್ಬರಿ ಐತಿ."

ಹಿಮ್ಮಡಿ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಪಂಚಮಿಗೆ ಉಂಡಿ ಕಟ್ಟಿದೆ. ವೈನಿಗೆಂದು ಬೇರೆಯವರ ಕೈಯಲ್ಲಿ ಕಳಿಸಿದೆ. ಸಂತೆಯ ದಿನ ಈಗ ಅವನ ಅಂಗಡಿಯ ನೆರಳು ಬಿಟ್ಟು ಎದುರಿನ ಬಿಸಿಲಲ್ಲಿ ಹಾಸುತ್ತೇನೆ. ಬಿಸಿಲು, ಧೂಳು ಹಿಮ್ಮಡಿಗೆ ಒಳ್ಳೆಯದಲ್ಲ. ಅದಕ್ಕೇ ಹಗಲೂ ಕಾಲುಚೀಲ ಹಾಕುತ್ತೇನೆ.