ಓರಗಿತ್ತಿಯ ಕೋಳಿಗಳು

ಆ ಬೀದಿಯಲ್ಲಿ ಯಾರ ಅಂಗಿ ಬಿಗಿಯಾದರೂ, ಯಾವ ಮಗುವಿನ ಯೂನಿಫಾರ್ಮ್ ಮೊಣಕಾಲಲ್ಲಿ ಹರಿದರೂ ಜನ ಹೋಗುತ್ತಿದ್ದದ್ದು ಟೈಲರಕ್ಕನ ಮನೆಗೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗ. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೊಟ್ಟೆಕಿಚ್ಚಿನಲ್ಲೂ ಅಷ್ಟೇ ಅಂತ ಅವಳ ಗಂಡನೇ ನಗುತ್ತ ಹೇಳುತ್ತಿದ್ದ.

ಅದೂ ಎಲ್ಲರ ಮೇಲಲ್ಲ. ಎದುರುಮನೆಯವರು ಮಹಡಿ ಕಟ್ಟಿದಾಗ ಅವಳು ತಿರುಗಿಯೂ ನೋಡಿರಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಒಬ್ಬಳ ಮೇಲೆ: ಹಿತ್ತಲ ಗೋಡೆಯಾಚೆಯ ಓರಗಿತ್ತಿ, ಮೈದುನನ ಹೆಂಡತಿ. ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬಿಳಿ ಕೋಟು, ಕೈಗೆ ಗಡಿಯಾರ, ಮಾತಿಗೆ ಮುಂಚೆ ನಗು. ಮನೆಯಲ್ಲಿ ಎಲ್ಲರಿಗೂ ಅವಳು 'ಚಿಕ್ಕವಳು'.

ಕೋಳಿ ಸಾಕಲು ಶುರುಮಾಡಿದ್ದು ಟೈಲರಕ್ಕನೇ. ನಾಲ್ಕು ಹೇಟೆ, ಅವಕ್ಕೆ ತಕ್ಕ ಗೂಡು. ಅದನ್ನು ನೋಡಿ ಚಿಕ್ಕವಳೂ ಆರು ತಂದಳು. ಅಲ್ಲಿಂದ ತಾಪತ್ರಯ ಶುರುವಾಯಿತು. ಹಿರಿಯ ಸೊಸೆಯ ಮನೆಯಲ್ಲೇ ಉಂಡು, ಹಿರಿಯ ಸೊಸೆಯ ಮನೆಯಲ್ಲೇ ಮಲಗುವ ಅತ್ತೆ, ಬೆಳಗಾದರೆ ಕೋಲೂರಿಕೊಂಡು ಹಿತ್ತಲ ಬಾಗಿಲಿನಿಂದ ಆಚೆ ಮನೆಗೆ ಹೋಗುತ್ತಿದ್ದರು. ಬಾಯೊರೆಸಿಕೊಳ್ಳುತ್ತ ವಾಪಸು ಬಂದು, ಯಂತ್ರದ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಿದ್ದರು:

"ಚಿಕ್ಕವಳ ಕೋಳಿ ಮೊಟ್ಟೆ ತಿಂದ್ರೆ ತಿಂದ ಹಾಗಿರತ್ತೆ ನೋಡು. ಹಳದಿ ಎಷ್ಟು ಚೆನ್ನಾಗಿತ್ತು ಅಂತೀಯಾ!"

"ನಮ್ಮ ಕೋಳೀನೂ ಮೊಟ್ಟೇನೇ ಅತ್ತೆ ಇಡೋದು, ಕಲ್ಲಲ್ಲ," ಅನ್ನುತ್ತಿದ್ದಳು ಟೈಲರಕ್ಕ, ಸೂಜಿಯಿಂದ ಕಣ್ಣು ತೆಗೆಯದೆ.

"ನಿಂದೂ ಚೆನ್ನಾಗಿರತ್ತೆ ಬಿಡು," ಅನ್ನುತ್ತಿದ್ದರು ಅತ್ತೆ. ಆ 'ಬಿಡು' ಅನ್ನುವ ಮಾತೇ ಅವಳಿಗೆ ದಿನವಿಡೀ ಚುಚ್ಚುತ್ತಿತ್ತು.

ಒಂದು ವಾರ ತಡೆದುಕೊಂಡಳು. ಆಮೇಲೆ ಸಂತೆಗೆ ಹೋಗಿ ಒಂದೇ ಏಟಿಗೆ ಐದು ಕೋಳಿ ತಂದು ಅದೇ ಗೂಡಿಗೆ ತುಂಬಿದಳು. ಈಗ ಒಂಬತ್ತು. ಆರಕ್ಕಿಂತ ಒಂಬತ್ತು ದೊಡ್ಡದು. ಹೊಸದರಲ್ಲಿ ಒಂದು ಹೊಂಬಣ್ಣದ ಹೇಟೆ. ಮೈ ಮಿರಮಿರ ಮಿಂಚುತ್ತಿತ್ತು, ನಡಿಗೆಯಲ್ಲೇ ಒಂದು ಬಿಂಕ. ಅದನ್ನು ಅವಳು 'ಮದುಮಗಳು' ಎಂದು ಕರೆದಳು.

ತಿಂಗಳು ಕಳೆಯುವಷ್ಟರಲ್ಲಿ ಕೋಳಿಗಳ ಬಾಲದ ಬುಡ ಬೋಳಾಗತೊಡಗಿತು. ಆಮೇಲೆ ಬೆನ್ನು. ದಿನಕ್ಕೆ ನಾಲ್ಕು ಬರುತ್ತಿದ್ದ ಮೊಟ್ಟೆ ಎರಡಾಯಿತು, ಒಂದಾಯಿತು, ಕೊನೆಗೆ ಗೂಡಿನ ಹುಲ್ಲಿನಲ್ಲಿ ಒದ್ದೆ ಕಲೆ ಮಾತ್ರ ಉಳಿಯಿತು. ಹೇನಿರಬಹುದೆಂದು ರೆಕ್ಕೆಯಡಿ ಬೂದಿ ಹಚ್ಚಿದಳು, ಬೋಳು ಚರ್ಮಕ್ಕೆ ಎಣ್ಣೆ ಸವರಿದಳು. ಏನೂ ಗುಣ ಕಾಣಲಿಲ್ಲ. ಬಟ್ಟೆ ಕೊಡಲು ಬಂದವರು ಹಿತ್ತಲಿಗೆ ಇಣುಕಿ, "ಏನಕ್ಕ, ಅಂಗಿ ಹೊಲಿಯೋಕೆ ಅಳತೆ ತಗೊಂಡು ಬಿಚ್ಚಿಬಿಟ್ರಾ?" ಎಂದು ನಗುತ್ತಿದ್ದರು. ಅವಳೂ ಹುಳ್ಳಗೆ ನಗುತ್ತಿದ್ದಳು.

ಅಷ್ಟಾದರೂ ಅತ್ತೆಗೆ ಆಚೆ ಮನೆಯಲ್ಲಿ ದಿನಕ್ಕೊಂದು ಬೇಯಿಸಿದ ಮೊಟ್ಟೆ ತಪ್ಪುತ್ತಿರಲಿಲ್ಲ. 'ಲ್ಯಾಬಿನವಳು, ಅವಳಿಗೆ ಯಾವ ಪುಡಿ ಏನು ಮಾಡತ್ತೆ ಅಂತ ಗೊತ್ತು. ಗೋಡೆ ಮೇಲಿಂದ ಏನಾದರೂ ಎಸೆದಿದ್ದಾಳೆ' ಎಂಬ ಯೋಚನೆ ಟೈಲರಕ್ಕನ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ಇನ್ನೊಂದು ಅನುಮಾನವೂ ಇತ್ತು: ಸ್ವಲ್ಪ ದಿನದಿಂದ ಚಿಕ್ಕವಳು ಗೂಡಿನ ಜಾಲರಿಗೆ ಗೋಣಿಚೀಲ ಇಳಿಬಿಟ್ಟಿದ್ದಳು. ಕೇಳಿದರೆ "ಬಿಸಿಲಿಗೆ ಅಕ್ಕ" ಅಂದಿದ್ದಳು. ಬಿಸಿಲೇ ಬೀಳದ ಮೂಲೆಗೆ ಎಂಥ ಪರದೆ?

ಒಂದು ಶನಿವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಟೈಲರಕ್ಕ ಕೈಯಲ್ಲೊಂದು ಬಟ್ಟಲು ಹಿಡಿದು ಆಚೆ ಹಿತ್ತಲಿಗೆ ಹೋದಳು. ಯಾರಾದರೂ ಕೇಳಿದರೆ ಸ್ವಲ್ಪ ಕೋಳಿಮೇವು ಬೇಕಿತ್ತು ಅನ್ನುವುದು. ಗೋಣಿಚೀಲ ಎತ್ತಿದಳು.

ಒಳಗೆ ಆರು ಕೋಳಿಗಳೂ ಕತ್ತು ಬೋಳಿಸಿಕೊಂಡು ಕೂತಿದ್ದವು. ನೆಲದ ತುಂಬ ಪುಕ್ಕ.

ಅವಳಿಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಥ ಸಂತೋಷ ಅವಳಿಗೆ ಬಹಳ ದಿನದಿಂದ ಆಗಿರಲಿಲ್ಲ. ಆಮೇಲೆ ಮೇವಿನ ಡ್ರಮ್ಮಿನ ಮುಚ್ಚಳ ತೆಗೆದಳು. ಮೇವಿನ ಮೇಲೆ ಒಂದು ಮೊಟ್ಟೆ ಟ್ರೇ. ಎಲ್ಲ ಕಂದು ಬಣ್ಣದ, ಒಂದೇ ಅಳತೆಯ ಮೊಟ್ಟೆಗಳು. ಒಂದೊಂದರ ಮೇಲೂ ಅಂಗಡಿಯ ನೀಲಿ ತಾರೀಕಿನ ಮುದ್ರೆ. ಪಕ್ಕದಲ್ಲಿ ಸ್ಪಿರಿಟ್ಟಿನ ಸೀಸೆ, ಹತ್ತಿ. ಅರ್ಧ ಮೊಟ್ಟೆಗಳ ಮುದ್ರೆ ಆಗಲೇ ಒರೆಸಿ ಹೋಗಿತ್ತು.

"ಅಕ್ಕಾ..."

ಬೆನ್ನ ಹಿಂದೆ ಚಿಕ್ಕವಳು. ಶನಿವಾರ ಲ್ಯಾಬು ಅರ್ಧ ದಿನ ಅನ್ನುವುದನ್ನು ಟೈಲರಕ್ಕ ಮರೆತೇಬಿಟ್ಟಿದ್ದಳು.

"ಸ್ವಲ್ಪ ಮೇವು ಬೇಕಿತ್ತು," ಅಂದಳು, ಮೊಟ್ಟೆಯ ಟ್ರೇ ಹಿಡಿದುಕೊಂಡೇ.

ಚಿಕ್ಕವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. "ಎರಡು ತಿಂಗಳಾಯ್ತು ಅಕ್ಕ, ನಮ್ಮವು ಒಂದೂ ಇಟ್ಟಿಲ್ಲ."

"ಮತ್ತೆ ಅತ್ತೆಗೆ ಕೊಡ್ತಿದ್ದದ್ದು?"

"ಬಸ್ ಸ್ಟ್ಯಾಂಡ್ ಹತ್ರದ ಅಂಗಡೀದು."

ಹಳದಿ ಹೊಗಳಿದ ಅತ್ತೆಯ ಮುಖ ನೆನಪಾಗಿ ಟೈಲರಕ್ಕನಿಗೆ ನಗು ಉಕ್ಕಿತು. ಆದರೆ ಎದುರಿಗಿದ್ದವಳ ಕಣ್ಣಲ್ಲಿ ನೀರು. "ಅಲ್ವೇ, ಕೋಳಿ ಇಡ್ತಿಲ್ಲ ಅಂದ್ರೆ ಅತ್ತೆ ಏನು ನಿನ್ನ ತಿಂದುಬಿಡ್ತಿದ್ರಾ?"

"ಅವರು ನಿಮ್ಮ ಮನೇಲಿರ್ತಾರೆ. ನೀವು ಹೊಲಿದಿದ್ದೇ ಹಾಕ್ಕೊಳ್ತಾರೆ. ಕಾಲು ನೋವು ಅಂದ್ರೆ ನಿಮ್ಮನ್ನೇ ಕೂಗ್ತಾರೆ. ನನ್ನ ಮನೆಗೆ ಅವರು ಬರೋದೇ ಆ ಒಂದು ಮೊಟ್ಟೆಗೆ. ಅದೂ ಇಲ್ಲ ಅಂದ್ರೆ ಯಾಕೆ ಬರ್ತಾರೆ?" ಚಿಕ್ಕವಳು ಮೂಗೊರೆಸಿಕೊಂಡಳು. "ನಿಮ್ಮನ್ನ ನೋಡಿದ್ರೆ ನಂಗೆ ಎಷ್ಟು ಹೊಟ್ಟೆ ಉರಿಯತ್ತೆ ಗೊತ್ತಾ?"

ತನ್ನ ಮೇಲೂ ಯಾರಿಗಾದರೂ ಹೊಟ್ಟೆಕಿಚ್ಚು ಇರಬಹುದೆಂದು ಟೈಲರಕ್ಕ ಎಂದೂ ಯೋಚಿಸಿರಲಿಲ್ಲ. ಒಂದು ಕೋಳಿಯನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡಳು. ಬೋಳು ಕತ್ತಿನ ಮೇಲೆ ಬೆರಳಾಡಿಸಿದಾಗ ಸಣ್ಣ ಸೂಜಿಮೊನೆಯಂಥವು ತಗುಲಿದವು. ಹೊಸ ಪುಕ್ಕ ಮೂಡುತ್ತಿತ್ತು. ತನ್ನ ಕೋಳಿಗಳ ಬೆನ್ನಿನಲ್ಲಿ ಹೀಗಿರಲಿಲ್ಲ. ಅಲ್ಲಿದ್ದದ್ದು ಮುರಿದ ಕಡ್ಡಿ. ಹೊಲಿಗೆ ಬಿಚ್ಚಿದ ಬಟ್ಟೆ ಯಾವುದು, ಎಳೆದು ಹರಿದ ಬಟ್ಟೆ ಯಾವುದು ಎಂದು ಅವಳ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಿಂದು ಬೇರೆ ಕಾಯಿಲೆ, ನಂದು ಬೇರೆ. ಬಾ, ದನದಾಸ್ಪತ್ರೆಗೆ ಹೋಗೋಣ," ಅಂದಳು.

ಒಂದೊಂದು ಬುಟ್ಟಿಯಲ್ಲಿ ಒಂದೊಂದು ಕೋಳಿ ಇಟ್ಟುಕೊಂಡು ಇಬ್ಬರೂ ಹೋದರು. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಎರಡರ ಪುಕ್ಕವನ್ನೂ ಬಿಡಿಸಿ, ಬುಡದಲ್ಲಿ ಹೇನಾಗಲಿ ಹೇನಿನ ಮೊಟ್ಟೆಯಾಗಲಿ ಇಲ್ಲವೆಂದು ನೋಡಿಕೊಂಡರು. ಮೊದಲು ಚಿಕ್ಕವಳ ಕಡೆ ತಿರುಗಿದರು.

"ಇದಕ್ಕೆ ಏನೂ ಆಗಿಲ್ಲಮ್ಮ. ಪುಕ್ಕ ಬದಲಾಯಿಸ್ತಿದೆ. ಹಗಲು ಚಿಕ್ಕದಾಗೋ ಕಾಲದಲ್ಲಿ ತಲೆ, ಕತ್ತಿಂದ ಶುರುವಾಗತ್ತೆ. ಇರೋ ಶಕ್ತಿಯೆಲ್ಲ ಹೊಸ ಪುಕ್ಕಕ್ಕೆ ಹೋಗತ್ತೆ, ಅದಕ್ಕೇ ಮೊಟ್ಟೆ ನಿಲ್ಲತ್ತೆ. ಚೆನ್ನಾಗಿ ಮೇವು ಹಾಕಿ, ಕಾಯಿರಿ."

ಆಮೇಲೆ ಟೈಲರಕ್ಕನನ್ನು ಕೇಳಿದರು. "ನಿಮ್ಮ ಗೂಡಲ್ಲಿ ಒಂದೇ ಒಂದು ಕೋಳಿಗೆ ಪುಕ್ಕ ಪೂರ್ತಿ ಇದೆ, ಅಲ್ವಾ?"

ಅವಳು ಬೆಚ್ಚಿದಳು. "ಹೌದು. ಮದುಮಗಳಿಗೆ."

"ಅವಳೇ ಕಳ್ಳಿ. ಮಿಕ್ಕವರ ಪುಕ್ಕ ಕಿತ್ತು ತಿಂತಿದ್ದಾಳೆ. ಮೊಟ್ಟೇನೂ ಒಡೆದು ಕುಡೀತಿರಬೇಕು. ಏನು ಹಾಕ್ತೀರಿ ತಿನ್ನೋಕೆ?"

"ಅನ್ನ, ನುಚ್ಚು."

"ಅಷ್ಟೇ ಆದ್ರೆ ಸಾಲದು. ಹಿಂಡಿ, ಮೀನಿನ ಪುಡಿ ಏನಾದ್ರೂ ಬೇಕು. ಮೈಗೆ ಬೇಕಾದ್ದು ಮೇವಲ್ಲಿ ಸಿಗದಿದ್ರೆ ಪಕ್ಕದವಳ ಬೆನ್ನಲ್ಲಿ ಹುಡುಕ್ತಾವೆ. ಗೂಡು ಎಷ್ಟು ಕೋಳಿಗೆ ಕಟ್ಟಿಸಿದ್ದು?"

"ನಾಲ್ಕಕ್ಕೆ."

"ಈಗ ಎಷ್ಟಿವೆ?"

"ಒಂಬತ್ತು."

"ನಾಲ್ಕರ ಜಾಗಕ್ಕೆ ಒಂಬತ್ತು ಯಾಕಮ್ಮ ತುಂಬಿದ್ರಿ?"

ಚಿಕ್ಕವಳು ಟೈಲರಕ್ಕನ ಮುಖ ನೋಡಿದಳು. ಟೈಲರಕ್ಕ ಗೋಡೆಯ ಮೇಲಿನ ಎಮ್ಮೆಯ ಚಿತ್ರ ನೋಡಿದಳು. "ಸುಮ್ನೆ," ಅಂದಳು.

ಗೂಡು ದೊಡ್ಡದಾಯಿತು. ಮದುಮಗಳಿಗೆ ಬೇರೆ ಮನೆಯಾಯಿತು. ಮೇವಿಗೆ ಹಿಂಡಿ ಬಿತ್ತು. ಐದನೇ ವಾರ ಟೈಲರಕ್ಕನ ಹುಲ್ಲಿನಲ್ಲಿ ಬೆಚ್ಚಗಿನ ಮೂರು ಮೊಟ್ಟೆ ಸಿಕ್ಕವು. ಚಿಕ್ಕವಳವು ಇನ್ನೂ ಇಡುತ್ತಿರಲಿಲ್ಲ. ಆ ಮೂರನ್ನೂ ಅತ್ತೆಯ ಮುಂದೆ ಇಡಬೇಕೆಂದು ಅಡುಗೆಮನೆಯವರೆಗೆ ಹೋದವಳು, ಅಲ್ಲಿಂದಲೇ ತಿರುಗಿದಳು. ಆಮೇಲೆ ಹಿತ್ತಲ ಬಾಗಿಲು ದಾಟಿ, "ತಗೋ, ಇನ್ಮೇಲೆ ಸ್ಪಿರಿಟ್ ಹಾಳು ಮಾಡ್ಬೇಡ," ಎಂದು ಅವನ್ನು ಚಿಕ್ಕವಳ ಕೈಗೆ ಹಾಕಿ ಬಂದಳು.

ಮರುದಿನ ಅತ್ತೆ ಬಾಯೊರೆಸಿಕೊಳ್ಳುತ್ತ ಬಂದು ಕುರ್ಚಿ ಎಳೆದರು. "ಚಿಕ್ಕವಳ ಮೊಟ್ಟೆ ಇವತ್ತು ಎಲ್ಲಾ ದಿನಕ್ಕಿಂತ ಚೆನ್ನಾಗಿತ್ತು ಕಣೇ. ಕೋಳಿ ಸಾಕೋದು ಹೇಗೆ ಅಂತ ನೀನೂ ಅವಳ ಹತ್ರ ಕಲ್ತ್ಕೋಬಾರ್ದಾ?"

ಟೈಲರಕ್ಕನ ಮೈಯೆಲ್ಲ ಉರಿದುಹೋಯಿತು. ತನ್ನದೇ ಕೋಳಿ, ತನ್ನದೇ ಮೊಟ್ಟೆ, ಹೆಸರು ಅವಳಿಗೆ! ಯಂತ್ರ ಎಷ್ಟು ಜೋರಾಗಿ ಓಡಿತೆಂದರೆ ದಾರ ಎರಡು ಸಲ ತುಂಡಾಯಿತು. ಆದರೂ ಬಾಯಿ ಬಿಡಲಿಲ್ಲ. ಮೂರು ವಾರ ಹೀಗೇ ಹೊಟ್ಟೆಯೊಳಗೇ ಬೇಯುತ್ತ, ದಿನಾ ಮೊಟ್ಟೆ ಕೊಟ್ಟು ಬಂದಳು.

ಕೊನೆಗೊಂದು ಬೆಳಿಗ್ಗೆ ಚಿಕ್ಕವಳು ಗೋಡೆಯಾಚೆಯಿಂದ ಕೂಗಿದಳು. "ಅಕ್ಕಾ, ನಮ್ಮವು ಶುರುಮಾಡಿದ್ವು! ಇವತ್ತು ಅತ್ತೆಗೆ ನಮ್ಮದೇ ಬೇಯಿಸ್ತೀನಿ."

ಅಂದು ಅತ್ತೆ ವಾಪಸು ಬರುವುದನ್ನು ಟೈಲರಕ್ಕ ಸೂಜಿಗೆ ದಾರವನ್ನೂ ಪೋಣಿಸದೆ ಕಾದಳು. ಅತ್ತೆ ಬಂದರು, ಕೂತರು, ಏನನ್ನೂ ಹೊಗಳಲಿಲ್ಲ.

"ಯಾಕತ್ತೆ, ಮೊಟ್ಟೆ ಕೊಡ್ಲಿಲ್ವಾ?"

"ಕೊಟ್ಟಳು. ಯಾಕೋ ನಿನ್ನೆ ರುಚಿ ಇವತ್ತು ಇರ್ಲಿಲ್ಲ ಕಣೇ."

"ಪಾಪ, ಅವಳೇನು ಮಾಡ್ತಾಳೆ ಬಿಡಿ ಅತ್ತೆ," ಅಂದಳು ಟೈಲರಕ್ಕ. ಆ 'ಬಿಡಿ'ಯನ್ನು ಸವಿದು ಸವಿದು ಹೇಳಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ಹೊಗಿಸಿದಳು.