ಹದಿನೈದನೇ ವಾರ ಏನಾಯಿತು?

ಹದಿನಾಲ್ಕನೇ ವಾರ ವಸುಧಾ ಮುರಳಿಯ ಮುಖಕ್ಕೆ ಬಾಗಿಲು ಹಾಕಿದಳು. ಹದಿನಾರನೇ ವಾರ ಅದೇ ಮುರಳಿಯ ಪಕ್ಕ, ಕೆರೆ ದಂಡೆಯ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದಳು.

ನಡುವೆ ಏನಾಯಿತು?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನಾನು ಪುಟ ಹಿಂದೆ ತಿರುವಿದೆ, ಮುಂದೆ ತಿರುವಿದೆ, ಕೊನೆಗೆ ಪುಸ್ತಕವನ್ನೇ ಎತ್ತಿ ಜಾಡಿಸಿದೆ. ಪಕ್ಕದಲ್ಲಿದ್ದ ಹುಡುಗಿ ತನ್ನ ಕೋಚಿಂಗ್ ನೋಟ್ಸ್ ಬಿಟ್ಟು ನನ್ನನ್ನೇ ನೋಡತೊಡಗಿದಳು. "ಏನರ ಬಿದ್ದೈತೇನ್ರಿ ಮೇಡಂ?" ಎಂದು ಕೇಳಿ, ನನ್ನ ಕಾಲ ಬುಡದಲ್ಲಿ ಹುಡುಕಿಯೂ ಬಿಟ್ಟಳು. ಇಡೀ ಒಂದು ವಾರವೇ ಬಿದ್ದುಹೋಗಿದೆ ಎಂದು ಆಕೆಗೆ ಹೇಗೆ ಹೇಳಲಿ?

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ನಾನು ಪ್ರೇಮ ಕಾದಂಬರಿಗಳ ಓದುಗಾರ್ತಿ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ, ಸ್ಟಾಫ್ ರೂಮಿನಲ್ಲಿ ಗಂಭೀರವಾಗಿ ಚಹಾ ಕುಡಿದು, ಬಸ್ ಹತ್ತಿದ ಕೂಡಲೇ ಬ್ಯಾಗಿನಿಂದ ಕಾದಂಬರಿ ತೆಗೆಯುವವಳು. (ಕೆಲವು ಸಹೋದ್ಯೋಗಿಗಳು ಇದನ್ನು ನನ್ನ ದೌರ್ಬಲ್ಯ ಎನ್ನುತ್ತಾರೆ. ಅವರು ಕ್ರಿಕೆಟ್ ನೋಡುತ್ತಾರೆ. ನಾನು ಏನಾದರೂ ಅಂದಿದ್ದೇನೆಯೇ?)

ಆದರೆ ಹೋದ ವರ್ಷದಿಂದ ಓದು ನಿಂತುಹೋಗಿತ್ತು. ಪುಸ್ತಕ ತೆರೆಯುತ್ತಿದ್ದೆ. ನಾಯಕ ಬರುತ್ತಿದ್ದ, ಎತ್ತರದ ಆಳು, ಸ್ವಲ್ಪ ಸಿಡುಕ. ಸರಿ, ಇವನು ಕೊನೆಯಲ್ಲಿ ಕರಗುತ್ತಾನೆ ಎಂದುಕೊಂಡು, ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ನೋಡಲು ಎದ್ದು ಹೋಗುತ್ತಿದ್ದೆ. ಮರಳಿ ಬಂದರೆ ಕೈ ಪುಸ್ತಕದ ಬದಲು ಮೊಬೈಲಿನ ಮೇಲೆ ಬೀಳುತ್ತಿತ್ತು.

ಸುಸ್ತು, ಕೆಲಸ, ಕಣ್ಣು ಎಂದೆಲ್ಲ ಕಾರಣ ಹೇಳಿಕೊಂಡೆ. ಖರೇ ಕಾರಣ ಬೇರೆಯೇ ಇತ್ತು. ನನಗೆ ನಂಬಿಕೆ ಹೋಗಿತ್ತು. ಐವತ್ತರ ಹತ್ತಿರ ಬಂದವಳು ಸುತ್ತ ಕಣ್ಣು ಹಾಯಿಸಿದರೆ, ಯಾರ ಮನೆಯಲ್ಲಿ ಯಾರು ಯಾರಿಗೆ ಹಾಗೆಲ್ಲ ಮಾತಾಡುತ್ತಾರೆ? ನಮ್ಮ ಮನೆಯಲ್ಲಿ ಗಂಡ ಹೆಂಡತಿಯ ಸಂಭಾಷಣೆ ಎಂದರೆ ಹಾಲು ಬಂತೇ, ಗ್ಯಾಸ್ ಬುಕ್ ಮಾಡಿದೆಯಾ, ಚಾರ್ಜರ್ ಎಲ್ಲಿ. ಇಷ್ಟು ವರ್ಷ ಓದಿದ್ದೆಲ್ಲ ಸುಳ್ಳೇ ಇರಬೇಕು ಅನ್ನಿಸಿಬಿಟ್ಟಿತ್ತು. ಹಾಗೆ ಅನ್ನಿಸಿದ ಮೇಲೆ ಪ್ರೇಮ ಕಾದಂಬರಿಯನ್ನು ಯಾವ ಮುಖ ಹೊತ್ತು ಓದುವುದು? ಇದು ಸಣ್ಣ ದುಃಖ ಎಂದು ನೀವು ನಗಬಹುದು. ನನಗೆ ಮಾತ್ರ ಮನೆಯ ಒಂದು ಖೋಲಿಗೆ ಕೀಲಿ ಬಿದ್ದಂತಾಗಿತ್ತು.

ಹೋದ ತಿಂಗಳು ಕೌದಿಗಳನ್ನು ಬಿಸಿಲಿಗೆ ಹಾಕಲೆಂದು ಅತ್ತೆಯ ಟ್ರಂಕ್ ತೆಗೆದೆ. ಅತ್ತೆ, ಮಾವ, ನಾನು, ನನ್ನ ಗಂಡ, ನಾಲ್ಕೂ ಜನ ಹುಬ್ಬಳ್ಳಿ ಕೇಶ್ವಾಪುರದ ಮನೆಯಲ್ಲಿ ಒಟ್ಟಿಗೇ ಇದ್ದೇವೆ. ಟ್ರಂಕಿನ ತಳದಲ್ಲಿ, ಕೌದಿಗಳ ಕೆಳಗೆ ಒಂದು ದಪ್ಪ ಪುಸ್ತಕವಿತ್ತು. ಅಂಗಡಿಯ ಪುಸ್ತಕವಲ್ಲ, ಮನೆಯಲ್ಲಿ ಕಟ್ಟಿದ್ದು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯನ್ನು ವಾರವಾರ ಕತ್ತರಿಸಿ ತೆಗೆದು, ಸೀರೆ ಡಬ್ಬಿಯ ರಟ್ಟು ಹಾಕಿ, ಕಾಳಿನ ಚೀಲ ಹೊಲಿಯುವ ದಬ್ಬಣದಿಂದ ಹೊಲಿದದ್ದು. ಮಾವನದು ಕಾಳಿನ ವ್ಯಾಪಾರ. ದಬ್ಬಣ, ಸುತಳಿಗೆ ಮನೆಯಲ್ಲಿ ಎಂದೂ ಬರವಿರಲಿಲ್ಲ.

ಹಿಂದೆ ಎಷ್ಟೋ ಮನೆಗಳಲ್ಲಿ ಹೆಂಗಸರು ಹೀಗೆ ಕಾದಂಬರಿ ಕಟ್ಟಿಡುತ್ತಿದ್ದರು, ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇರಬಹುದು. ಇದನ್ನು ಓದುವುದರ ಮಜಾನೇ ಬೇರೆ. ಹಾಳೆಯ ಒಂದು ಮಗ್ಗುಲಿಗೆ ಪ್ರೇಮ, ಇನ್ನೊಂದು ಮಗ್ಗುಲಿಗೆ ಎಣ್ಣೆಗಾಯಿ ಮಾಡುವ ಅರ್ಧ ವಿಧಾನ. ನಗೆಹನಿ ಇದೆ, ನಗು ಬರಬೇಕಾದ ಸಾಲಿಗೆ ಕತ್ತರಿ ಬಿದ್ದಿದೆ. ಯಾರೋ ಒಬ್ಬಾಕೆ ಕೂದಲು ಉದುರುತ್ತದೆ ಎಂದು ಕೇಳಿದ್ದಾಳೆ, ಉತ್ತರ ರದ್ದಿಗೆ ಹೋಗಿದೆ. ಪಾಪ.

ಸುಮ್ಮನೆ ತೆರೆದೆ. ನಿಂತಲ್ಲೇ ಮೂರು ಕಂತು ಓದಿದೆ. ಕೌದಿ ಹಾಗೇ ಬಿದ್ದಿದ್ದವು. ಮರುದಿನ ಅದು ನನ್ನ ಬ್ಯಾಗ್ ಸೇರಿತು, ಬಸ್ಸೇರಿತು, ಹದಿನಾಲ್ಕನೇ ವಾರಕ್ಕೆ ಬಂತು. ಆ ವಾರ ಮುರಳಿ ತನ್ನ ಗೆಳೆಯರ ಎದುರು ವಸುಧಾಳನ್ನು ಆಡಿಕೊಂಡು ನಕ್ಕಿದ್ದ, ಅದು ಆಕೆಯ ಕಿವಿಗೆ ಬಿದ್ದು ಬಾಗಿಲು ಹಾಕಿದ್ದಳು. ಅಲ್ಲಿಂದ ಮುಂದಿನ ಪುಟದಲ್ಲಿ ನೇರವಾಗಿ ಮಿರ್ಚಿ ಭಜಿ!

ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುತ್ತ ಕೇಳಿದೆ. "ಅತ್ತಿ, ಹದಿನೈದನೇ ವಾರದ್ದು ಎಲ್ಲೈತ್ರಿ?"

"ಅದು ಇಲ್ಲ ಬಿಡವಾ," ಅಂದರು ಅತ್ತೆ.

"ಹಂಗಾರ ಆಕಿ ಯಾಕ ಒಪ್ಪಿದಳ್ರಿ?"

"ಯಾರಿಗಿ ಗೊತ್ತು. ಒಪ್ಪಿದಳು, ಆಮ್ಯಾಲ ಮದುವಿ ಆತು. ಚಹಾ ಕುಡಿ."

ಇಷ್ಟು ವರ್ಷ ಈ ಪ್ರಶ್ನೆಯನ್ನು ಟ್ರಂಕಿನಲ್ಲಿಟ್ಟು ಮೇಲೆ ಕೌದಿ ಹೊದಿಸಿ ಆರಾಮಾಗಿ ನಿದ್ದೆ ಮಾಡಿದ್ದಾರಲ್ಲ! ನನಗೆ ಆಗಲಿಲ್ಲ. ಗಂಡನನ್ನು ಕೇಳಿದೆ. "ಹೂವು ಗೀವು ಕೊಟ್ಟಿರ್ತಾನ" ಎಂದು ಟಿವಿ ಕಡೆ ತಿರುಗಿದ. (ಈತ ನನಗೆ ಹೂವು ಕೊಟ್ಟದ್ದು ಮದುವೆಯ ಹಾರ ಹಾಕುವಾಗ. ಅದೂ ಭಟ್ಟರು ಹೇಳಿದ್ದಕ್ಕೆ.) ನಮ್ಮದೊಂದು ಕಾದಂಬರಿ ಓದುವ ಹೆಂಗಸರ ವಾಟ್ಸಾಪ್ ಗ್ರೂಪ್ ಇದೆ. ಒಂದು ವರ್ಷದಿಂದ ಅಲ್ಲಿ ಬರೀ ಗುಡ್ ಮಾರ್ನಿಂಗ್ ಕಳಿಸುತ್ತಿದ್ದ ನಾನು ಮೊದಲ ಸಲ ಪುಸ್ತಕದ ಒಂದು ಪುಟದ ಫೋಟೋ ಜೊತೆ ಒಂದು ಪ್ರಶ್ನೆ ಹಾಕಿದೆ. ಇದರ ಹದಿನೈದನೇ ಕಂತು ಯಾರ ಬಳಿಯಾದರೂ ಇದೆಯೇ?

ಯಾರ ಬಳಿಯೂ ಇರಲಿಲ್ಲ. ಆದರೆ ಏನಾಗಿರಬಹುದು ಎಂಬ ಬಗ್ಗೆ ಎಲ್ಲರ ಬಳಿಯೂ ಅಭಿಪ್ರಾಯವಿತ್ತು.

ಹೀಗೆ ಶುರುವಾಯಿತು ನೋಡಿ ನನ್ನ ತಿಂಗಳು. ಸಿಟ್ಟು ಮಾಡಿಕೊಂಡ ನಾಯಕಿಯರು ಹೇಗೆ ಒಪ್ಪುತ್ತಾರೆ ಎಂದು ತಿಳಿಯಬೇಕಿತ್ತು, ಅದಕ್ಕೆ ಓದಿದೆ. ಕಪಾಟಿನಲ್ಲಿ ಅರ್ಧಕ್ಕೆ ಬಿಟ್ಟವನ್ನೆಲ್ಲ ಮುಗಿಸಿದೆ. ಧಾರವಾಡದ ಹಳೇ ಪುಸ್ತಕದಂಗಡಿಯಿಂದ ಒಂದು ಚೀಲ ತಂದೆ. ಬಸ್ಸಿನಲ್ಲಿ ಓದಿದೆ, ಪರೀಕ್ಷಾ ಕೆಲಸದ ನಡುವಿನ ಬಿಡುವಿನಲ್ಲಿ ಓದಿದೆ, ರೊಟ್ಟಿ ಬೇಯುವಾಗ ಓದಿದೆ. ಒಂದು ದಿನ ಇಳಿಯುವ ಸ್ಟಾಪ್ ಬಿಟ್ಟು ಮುಂದೆ ಹೋದೆ. ಎಷ್ಟು ಖುಷಿಯಾಯಿತು ಎಂದರೆ, ನಡೆದು ಹಿಂದೆ ಬರುವಾಗ ಒಬ್ಬಳೇ ನಗುತ್ತಿದ್ದೆ.

ಸಂಶೋಧನೆಯ ಫಲಿತಾಂಶ? ನಮ್ಮ ಕಾದಂಬರಿಗಳಲ್ಲಿ ಯಾರಾದರೂ ಆಸ್ಪತ್ರೆ ಸೇರದ ಹೊರತು ಸಿಟ್ಟು ಇಳಿಯುವುದಿಲ್ಲ. ಒಬ್ಬ ಮೋಟರ್ ಸೈಕಲ್ಲಿನಿಂದ ಬೀಳುತ್ತಾನೆ. ಒಬ್ಬ ಮಳೆಯಲ್ಲಿ ನೆನೆದು ಆಕೆಯ ಹೆಸರು ಕನವರಿಸುತ್ತಾನೆ. ಒಬ್ಬನಿಗಂತೂ ರಕ್ತ ಬೇಕಾಗುತ್ತದೆ, ಆಕೆಯದೇ ಗ್ರೂಪು. ಗಟ್ಟಿಮುಟ್ಟಾದ ಗಂಡಸು ನೆಟ್ಟಗೆ ನಡೆದು ಬಂದು ಹೆಂಗಸಿನ ಸಿಟ್ಟು ಇಳಿಸಿದ್ದನ್ನು ನಾನು ಎಲ್ಲೂ ಓದಲಿಲ್ಲ. ಓದು ಮರಳಿತ್ತು, ನಿಜ. ಆದರೆ ನಂಬಿಕೆ ಇನ್ನೂ ಬಾಗಿಲಾಚೆಯೇ ನಿಂತಿತ್ತು.

ಒಂದು ರವಿವಾರ ಮುಂಜಾನೆ ಅತ್ತೆ ಮೆಂತೆಸೊಪ್ಪಿನ ಎಲೆ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತೆ. ಆಗ ಹೊಳೆಯಿತು, ನಾನು ಇಷ್ಟು ದಿನ ತಪ್ಪು ಪ್ರಶ್ನೆ ಕೇಳುತ್ತಿದ್ದೆ. ಎಲ್ಲ ವಾರವನ್ನೂ ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಿ ಹೊಲಿದವರು ಅದೊಂದು ವಾರ ಯಾಕೆ ಬಿಟ್ಟರು?

"ಆ ವಾರ ನಾ ಇಲ್ಲಿದ್ದಿಲ್ಲ," ಅಂದರು ಅತ್ತೆ. "ಶಿರಗುಪ್ಪ್ಯಾಗಿದ್ದೆ."

ಶಿರಗುಪ್ಪಿ ಅವರ ತವರು. "ಹಬ್ಬಕ್ಕ ಹೋಗಿದ್ರೇನ್ರಿ?"

"ಸಿಟ್ಟಿಗೆ ಹೋಗಿದ್ದೆ."

ನಾನು ಸೊಪ್ಪು ಕೆಳಗಿಟ್ಟೆ. ಪಡಸಾಲೆಯಲ್ಲಿ ಮಾವ ಪೇಪರ್ ಓದುತ್ತಿದ್ದರು. ಅತ್ತೆ ದನಿಯನ್ನೇನೂ ಇಳಿಸಲಿಲ್ಲ.

"ನಾಕು ಮಂದಿ ವ್ಯಾಪಾರಸ್ಥರು ಊಟಕ್ಕ ಬಂದಿದ್ರು. ಅನ್ನಾ ಸ್ವಲ್ಪ ತಳಾ ಹಿಡದಿತ್ತು. ಇವರು ನಕ್ಕೋತ, 'ನಮ್ಮಾಕಿಗೆ ಪುಸ್ತಕದ ಹುಚ್ಚು, ಕೈಯಾಗ ಸೌಟು ಕಣ್ಣಾಗ ಕಥಿ' ಅಂದ್ರು. ಎಲ್ಲಾರೂ ನಕ್ರು. ನಾ ಬಡಸ್ತಾ ನಿಂತಿದ್ದೆ."

"ಆಮ್ಯಾಲ?"

"ಹಿಂದಿನ ದಿನಾನ ಓದಿದ್ದೆ ನೋಡು, ವಸುಧಾ ಬಾಗಿಲಾ ಹಾಕಿದ್ದಳು. ಆಕಿ ಹಾಕಬಹುದು, ನಾ ಯಾಕ ಸುಮ್ನಿರಬೇಕು ಅನ್ನಿಸ್ತು. ಮರುದಿನ ಚೀಲಾ ತಗೊಂಡು ಬಸ್ ಹತ್ತಿದೆ."

ಮುಂದಿನದನ್ನು ನಾನು ಉಸಿರು ಹಿಡಿದು ಕೇಳಿದೆ. ಹತ್ತು ಹನ್ನೆರಡು ದಿನ ಮಾವ ಬರಲಿಲ್ಲ, ಯಾರ ಕೈಯಲ್ಲೂ ಹೇಳಿಯೂ ಕಳಿಸಲಿಲ್ಲ. ಅತ್ತೆ ಹೆದರಿದರಂತೆ. ವಸುಧಾ ಆ ವಾರ ಏನು ಮಾಡಿದಳು ಎಂದು ನೋಡೋಣವೆಂದರೆ ಶಿರಗುಪ್ಪಿಯಲ್ಲಿ ಪತ್ರಿಕೆ ಸಿಗುತ್ತಿರಲಿಲ್ಲ.

"ಒಂದಿನ ಮಧ್ಯಾಹ್ನ ಬಂದ್ರು. ಕಟ್ಟಿ ಮ್ಯಾಲ ಕುಂತ್ರು. ನೀರು ಕೊಟ್ಟೆ, ಕುಡದ್ರು. ತಪ್ಪಾತು ಗಿಪ್ಪಾತು ಏನೂ ಅನಲಿಲ್ಲ. ಚೀಲದಾಗಿಂದ ಹದಿನಾರನೇ ವಾರದ ಪತ್ರಿಕಿ ತಗದು ನನ್ನ ಬಾಜೂಕ ಇಟ್ರು. ಹಿಂದಿನ ವಾರದ್ದು ಎಲ್ಲಿ ಅಂತ ಕೇಳಿದೆ. 'ಮನ್ಯಾಗ ಓದಾಕಿನ ಇದ್ದಿಲ್ಲ, ಯಾರಿಗಂತ ತರಬೇಕಿತ್ತು' ಅಂದ್ರು."

ಅತ್ತೆ ಕಡ್ಡಿ ಬೇರೆ, ಎಲೆ ಬೇರೆ ಮಾಡುತ್ತಲೇ ಇದ್ದರು.

"ಆಕಿ ಹೆಂಗ ಒಪ್ಪಿದಳು ಅಂತ ನನಗ ಗೊತ್ತಿದ್ದಿಲ್ಲಲ್ಲ. ನನಗ ತಿಳದಂಗ ನಾ ಒಪ್ಪಿದೆ. ಚೀಲಾ ತಗೊಂಡು ಬಂದೆ."

ನನ್ನ ಕಣ್ಣು ತುಂಬಿ ಬಂದವು, ಮುಚ್ಚುಮರೆ ಏನಿಲ್ಲ. ಇಡೀ ತಿಂಗಳು ನಾನು ಹುಡುಕಿದ ಗಂಡಸು ಹೊರಗೆ ಪಡಸಾಲೆಯಲ್ಲಿ ಕಾಳಿನ ರೇಟು ನೋಡುತ್ತ ಕೂತಿದ್ದ. ಎದ್ದು ಹೋಗಿ ಕೇಳಿಯೇಬಿಟ್ಟೆ.

"ಮಾವಾರ, ಆ ಹದಿನೈದನೇ ವಾರದ ಪತ್ರಿಕಿ ಯಾಕ ತರಲಿಲ್ರಿ?"

ಮಾವ ಪೇಪರ್ ಕೆಳಗಿಳಿಸಲಿಲ್ಲ. "ಅಂಗಡ್ಯಾಗ ಖಾಲಿ ಆಗಿತ್ತವಾ," ಅಂದರು.

"ಸುಳ್ಳು," ಅಂದರು ಒಳಗಿನಿಂದ ಅತ್ತೆ.

ಪೇಪರ್ ಸ್ವಲ್ಪ ಮೇಲೇರಿತು. ಅದರ ಹಿಂದೆ ಒಬ್ಬ ವ್ಯಾಪಾರಸ್ಥ ನಗುತ್ತಿದ್ದ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೋದ ವಾರ ನಮ್ಮ ಗ್ರೂಪಿನ ಗೆಳತಿಯೊಬ್ಬಳು ಫೋಟೋ ಕಳಿಸಿದಳು. ಧಾರವಾಡದಲ್ಲಿರುವ ಆಕೆಯ ದೊಡ್ಡಮ್ಮನೂ ಅದೇ ಧಾರಾವಾಹಿ ಕಟ್ಟಿಟ್ಟಿದ್ದರಂತೆ. ಒಂದೂ ವಾರ ಬಿಡದೆ! (ಆ ದೊಡ್ಡಮ್ಮ ಎಂದೂ ಸಿಟ್ಟು ಮಾಡಿಕೊಂಡಿರಲಿಕ್ಕಿಲ್ಲ ಎನ್ನೋಣ.) ಹದಿನೈದನೇ ಕಂತಿನ ಎಲ್ಲ ಪುಟಗಳೂ ನನ್ನ ಮೊಬೈಲಿನಲ್ಲಿದ್ದವು.

ಅತ್ತೆಯನ್ನು ಕೂರಿಸಿ, ಅಕ್ಷರ ದೊಡ್ಡದು ಮಾಡಿಕೊಂಡು ಗಟ್ಟಿಯಾಗಿ ಓದಿದೆ. ಮಾವ ಎಂದಿನಂತೆ ಪೇಪರಿನ ಹಿಂದಿದ್ದರು, ಆದರೆ ಓದು ಮುಗಿಯುವವರೆಗೆ ಒಂದು ಪುಟವನ್ನೂ ತಿರುವಲಿಲ್ಲ. ಕಂತಿನಲ್ಲಿ ಏನಾಯಿತು ಎನ್ನುತ್ತೀರಿ? ನನ್ನ ಸಂಶೋಧನೆ ಸುಳ್ಳಾಗಲಿಲ್ಲ. ಮುರಳಿಗೆ ವಿಷಮಜ್ವರ ಬರುತ್ತದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಎರಡು ಕಾಲಂ ತುಂಬ ಕ್ಷಮೆ ಕೇಳುತ್ತಾನೆ. ವಸುಧಾ ಕಣ್ಣೀರು ಒರೆಸಿಕೊಂಡು ಹಣೆಯ ಮೇಲೆ ಒದ್ದೆ ಪಟ್ಟಿ ಹಾಕುತ್ತಾಳೆ.

ಇಷ್ಟು ವರ್ಷದ ಮೇಲೆ ಕೊನೆಗೂ ಉತ್ತರ ಸಿಕ್ಕ ಅತ್ತೆ ಪೇಪರಿನ ಕಡೆ ಒಮ್ಮೆ ನೋಡಿ ಅಂದರು:

"ಅಷ್ಟ ಏನು? ನಮ್ಮನಿಯವರು ಜ್ವರಾ ಇಲ್ದನ ಬಂದಿದ್ರು."